ವಿಮಾನ ಪ್ರಯಾಣದಲ್ಲಿ ಸುಗಂಧ ದ್ರವ್ಯ, ಅತ್ತರು ಮತ್ತು ಶ್ರೀಗಂಧದ ಎಣ್ಣೆ: ಪ್ರಯಾಣಿಕರ ಗಮನಕ್ಕೆ

ಉದ್ಯೋಗ, ವ್ಯಾಸಂಗ, ಹಜ್ ಯಾತ್ರೆ ಅಥವಾ ವಿದೇಶದಲ್ಲಿ ನೆಲೆಸಿರುವ ಮಕ್ಕಳ ಭೇಟಿಗಾಗಿ ವಿಮಾನ ಪ್ರಯಾಣ ಕೈಗೊಳ್ಳುವ ನಾಗರಿಕರು ಪಾಸ್‌ಪೋರ್ಟ್, ವೀಸಾ ಮತ್ತು ಟಿಕೆಟ್‌ಗಳ ವಿಷಯದಲ್ಲಿ ಸಾಕಷ್ಟು ಎಚ್ಚರಿಕೆ ವಹಿಸುತ್ತಾರೆ. ಆದರೆ ಪೆಟ್ಟಿಗೆಯೊಳಗಿನ ವಸ್ತುಗಳ ಬಗ್ಗೆ ಅಷ್ಟೇ ಎಚ್ಚರಿಕೆ ವಹಿಸುವುದು ವಿರಳ. ಭದ್ರತಾ ತಪಾಸಣೆಯಲ್ಲಿ ತಡೆಹಿಡಿಯಲ್ಪಡುವ ವಸ್ತುಗಳಲ್ಲಿ ಸುಗಂಧ ದ್ರವ್ಯದ ಬಾಟಲಿಯೂ ಒಂದು. ಅದು ಬಹುಪಾಲು ಉಡುಗೊರೆಯ ವಸ್ತುವಾಗಿರುತ್ತದೆ. ಶ್ರೀಗಂಧದ ಎಣ್ಣೆಯಾಗಿದ್ದಲ್ಲಿ ಅದರ ಬೆಲೆಯೂ ಕಡಿಮೆಯಲ್ಲ. ತಪಾಸಣಾ ಸ್ಥಳದಲ್ಲಿ ಬಿಟ್ಟುಹೋದ ಬಾಟಲಿ ಮರಳಿ ದೊರೆಯುವುದಿಲ್ಲ.

ಈ ಸಂಬಂಧದ ನಿಯಮಗಳು ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾಗಿರುವಂತೆ ತೋರುತ್ತವೆ. ಚೆಕ್-ಇನ್ ಲಗೇಜಿನಲ್ಲಿ ಹೋಗಬಹುದಾದ ಬಾಟಲಿಯು ಕೈಚೀಲದಲ್ಲಿ ಹೋಗುವಂತಿಲ್ಲ. ಪ್ರಯಾಣಿಕರೇ ಕೊಂಡೊಯ್ಯಬಹುದಾದ ಬಾಟಲಿಯನ್ನು ಅಂಚೆಯ ಮೂಲಕ ಕಳುಹಿಸುವಂತಿಲ್ಲ. ವಾಸ್ತವವಾಗಿ ಇಲ್ಲಿ ಎರಡು ಬೇರೆ ಬೇರೆ ಆತಂಕಗಳಿವೆ. ಮೊದಲನೆಯದು ಬೆಂಕಿಗೆ ಸಂಬಂಧಿಸಿದ್ದು. ಇದು ಇಡೀ ವಿಮಾನಕ್ಕೆ ಅನ್ವಯಿಸುತ್ತದೆ. ಎರಡನೆಯದು ಭದ್ರತೆಗೆ ಸಂಬಂಧಿಸಿದ್ದು; ಇದು ಪ್ರಯಾಣಿಕರ ಕೈಯಲ್ಲಿರುವ ದ್ರವಗಳಿಗೆ ಮಾತ್ರ ಅನ್ವಯಿಸುತ್ತದೆ. ಈ ಎರಡನ್ನೂ ಬೇರ್ಪಡಿಸಿ ನೋಡಿದಲ್ಲಿ ಯಾವ ಬಾಟಲಿ ಎಲ್ಲಿ ಹೋಗಬೇಕೆಂಬುದನ್ನು ಪ್ರಯಾಣಿಕರು ಮನೆಯಲ್ಲಿಯೇ ನಿರ್ಧರಿಸಬಹುದು.

ಸುಗಂಧ ದ್ರವ್ಯವು ಅಪಾಯಕಾರಿ ವಸ್ತುವೆಂದು ಪರಿಗಣಿಸಲ್ಪಡುವುದೇಕೆ?

ಅಂಗಡಿಗಳಲ್ಲಿ ದೊರೆಯುವ ಸ್ಪ್ರೇ ಮಾದರಿಯ ಸುಗಂಧ ದ್ರವ್ಯದ ಬಹುಭಾಗ ಮದ್ಯಸಾರ, ಅಂದರೆ ಎಥನಾಲ್. ಪರಿಮಳ ನೀಡುವ ತೈಲಾಂಶವು ಅದರಲ್ಲಿ ಕರಗಿರುತ್ತದೆ. ಶುದ್ಧ ಎಥನಾಲ್‌ನಿಂದ ಏಳುವ ಆವಿಯು ಸುಮಾರು 13 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿಯೇ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲದು. ನೀರು ಮತ್ತು ತೈಲ ಬೆರೆತಾಗ ಈ ಉಷ್ಣಾಂಶ ಕೊಂಚ ಏರುತ್ತದೆಯಾದರೂ, ಸಾಮಾನ್ಯ ಹವಾಮಾನದಲ್ಲಿ ಹೊತ್ತಿಕೊಳ್ಳುವ ಗುಣ ಉಳಿದೇ ಇರುತ್ತದೆ. ಆದ್ದರಿಂದ ವಿಶ್ವಸಂಸ್ಥೆಯ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಇಂತಹ ಸುಗಂಧ ದ್ರವ್ಯಗಳಿಗೆ 1266 ಎಂಬ ಸಂಖ್ಯೆಯನ್ನು ನೀಡಿ, ಪೆಟ್ರೋಲ್ ಮತ್ತು ಬಣ್ಣದ ತಿನ್ನರ್‌ಗಳಿರುವ 3ನೇ ವರ್ಗದಲ್ಲಿ, ಅಂದರೆ ದಹನಶೀಲ ದ್ರವಗಳ ವರ್ಗದಲ್ಲಿ ಸೇರಿಸಲಾಗಿದೆ.

ಹೀಗಿರುವಾಗ ಸುಗಂಧ ದ್ರವ್ಯವನ್ನು ವಿಮಾನದಲ್ಲಿ ಕೊಂಡೊಯ್ಯಲು ಅವಕಾಶ ದೊರೆತಿರುವುದು ಒಂದು ರಿಯಾಯಿತಿಯ ಮೂಲಕ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಹೊರಡಿಸುವ ತಾಂತ್ರಿಕ ಸೂಚನೆಗಳು ಪ್ರಯಾಣಿಕರ ಸ್ವಂತ ಬಳಕೆಯ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳಿಗೆ ವಿನಾಯಿತಿ ನೀಡಿವೆ. ಅದರನ್ವಯ ಪ್ರತಿಯೊಂದು ಬಾಟಲಿ ಅಥವಾ ಡಬ್ಬಿಯು ಅರ್ಧ ಲೀಟರ್ ಅಥವಾ ಅರ್ಧ ಕಿಲೋಗ್ರಾಂ ಮೀರತಕ್ಕದ್ದಲ್ಲ; ಒಬ್ಬ ಪ್ರಯಾಣಿಕರ ಬಳಿ ಇರುವ ಇಂತಹ ಎಲ್ಲ ವಸ್ತುಗಳ ಒಟ್ಟು ಪ್ರಮಾಣವು 2 ಲೀಟರ್ ಅಥವಾ 2 ಕಿಲೋಗ್ರಾಂ ಮೀರತಕ್ಕದ್ದಲ್ಲ.

ಇಲ್ಲಿ ‘ಒಟ್ಟು’ ಎಂಬ ಪದವನ್ನು ವಿಶೇಷವಾಗಿ ಗಮನಿಸಬೇಕು. ಈ 2 ಲೀಟರ್ ಸುಗಂಧ ದ್ರವ್ಯವೊಂದಕ್ಕೇ ಮೀಸಲಾದುದಲ್ಲ. ಡಿಯೋಡರೆಂಟ್, ಕೂದಲಿನ ಸ್ಪ್ರೇ, ಉಗುರು ಬಣ್ಣ, ಮದ್ಯಸಾರವುಳ್ಳ ಔಷಧ ಎಲ್ಲವೂ ಇದೇ ಲೆಕ್ಕಕ್ಕೆ ಸೇರುತ್ತವೆ. ಉದಾಹರಣೆಗೆ, 100 ಮಿ.ಲೀ.ನ 10 ಸುಗಂಧ ದ್ರವ್ಯದ ಬಾಟಲಿಗಳು, 150 ಮಿ.ಲೀ.ನ 4 ಡಿಯೋಡರೆಂಟ್ ಡಬ್ಬಿಗಳು ಮತ್ತು 300 ಮಿ.ಲೀ.ನ ಒಂದು ಕೂದಲಿನ ಸ್ಪ್ರೇ ಸೇರಿದರೆ 1.9 ಲೀಟರ್ ಆಗುತ್ತದೆ, ಇದು ಮಿತಿಯೊಳಗಿದೆ. ಮದುವೆಯ ಉಡುಗೊರೆಗೆಂದು 100 ಮಿ.ಲೀ.ನ 30 ಬಾಟಲಿಗಳನ್ನು ಒಬ್ಬರೇ ತುಂಬಿಕೊಂಡು ಹೊರಟಲ್ಲಿ 3 ಲೀಟರ್ ಆಗುವುದರಿಂದ ಅದಕ್ಕೆ ಅವಕಾಶವಿರುವುದಿಲ್ಲ. ಮಾರಾಟದ ಸರಕು ಎಷ್ಟೇ ಕಡಿಮೆಯಿದ್ದರೂ ಈ ರಿಯಾಯಿತಿಯ ವ್ಯಾಪ್ತಿಗೆ ಬರುವುದಿಲ್ಲ.

ಮೈಗೆ ಹಚ್ಚುವುದು ಮತ್ತು ಕೋಣೆಗೆ ಸಿಂಪಡಿಸುವುದು

ರಿಯಾಯಿತಿ ಇರುವುದು ಪ್ರಸಾಧನ ಸಾಮಗ್ರಿಗೆ, ಅಂದರೆ ದೇಹಕ್ಕೆ ಬಳಸುವ ವಸ್ತುವಿಗೆ ಮಾತ್ರ. ಅನಿಲದ ಒತ್ತಡದಿಂದ ಚಿಮ್ಮುವ ಡಿಯೋಡರೆಂಟ್ ಡಬ್ಬಿಗೆ ಅವಕಾಶವಿದೆ. ಅದೇ ಬಗೆಯ ಡಬ್ಬಿಯಲ್ಲಿ ಬರುವ, ದಹನಶೀಲವೆಂಬ ಜ್ವಾಲೆಯ ಚಿಹ್ನೆಯುಳ್ಳ ರೂಮ್ ಫ್ರೆಶನರ್‌ಗೆ ಅವಕಾಶವಿಲ್ಲ. ಎರಡರ ಒಳಗಿರುವ ವಸ್ತು ಹೆಚ್ಚುಕಡಿಮೆ ಒಂದೇ ಆಗಿರಬಹುದು; ಆದರೂ ನಿಯಮವು ಬಳಕೆಯ ಉದ್ದೇಶವನ್ನು ನೋಡುತ್ತದೆ. ಮದ್ಯಸಾರ ಬೆರೆಸಿದ, ಕಡ್ಡಿ ಅದ್ದಿಡುವ ಕೋಣೆ ಸುಗಂಧಕ್ಕೂ, ಕಾರಿನಲ್ಲಿ ಬಳಸುವ ದಹನಶೀಲ ಸುಗಂಧ ದ್ರವಕ್ಕೂ ಇದೇ ಅನ್ವಯವಾಗುತ್ತದೆ. ಇವುಗಳನ್ನು ತಲುಪಿದ ಊರಿನಲ್ಲಿಯೇ ಖರೀದಿಸುವುದು ಸೂಕ್ತ. ಒತ್ತಡದ ಡಬ್ಬಿಗಳಿಗೆ ಮುಚ್ಚಳ ಕಡ್ಡಾಯ. ಪೆಟ್ಟಿಗೆಯೊಳಗೆ ಗುಂಡಿ ತಾನಾಗಿ ಒತ್ತಿಕೊಂಡು ಅನಿಲ ಹೊರಬಾರದಂತೆ ಅದು ತಡೆಯಬೇಕು.

ಕೈಚೀಲದಲ್ಲಿ 100 ಮಿ.ಲೀ. ಮಿತಿ

2006ರ ಆಗಸ್ಟ್ 10ರಂದು ಬ್ರಿಟನ್ನಿನ ಪೊಲೀಸರು, ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ಅಡಗಿಸಿ ಅಟ್ಲಾಂಟಿಕ್ ಸಾಗರ ದಾಟುವ ವಿಮಾನಗಳನ್ನು ನಾಶಪಡಿಸುವ ಸಂಚೊಂದನ್ನು ಬಯಲಿಗೆಳೆದರು. ಕೈಚೀಲದ ದ್ರವಗಳ ಮೇಲಿನ ಮಿತಿ ಹುಟ್ಟಿದ್ದು ಈ ಪ್ರಕರಣದಿಂದ. ಅದೇ ವರ್ಷದ ನವೆಂಬರ್‌ನಲ್ಲಿ ಐರೋಪ್ಯ ಒಕ್ಕೂಟ ಇದನ್ನು ಜಾರಿಗೆ ತಂದಿತು; 2007ರ ಮಾರ್ಚ್‌ನಿಂದ ಪಾಲಿಸುವಂತೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಎಲ್ಲ ಸದಸ್ಯ ರಾಷ್ಟ್ರಗಳಿಗೆ ಶಿಫಾರಸು ಮಾಡಿತು. ಇದಕ್ಕೂ ಬೆಂಕಿಯ ನಿಯಮಕ್ಕೂ ಸಂಬಂಧವಿಲ್ಲ. ಆದ್ದರಿಂದಲೇ ಹೊತ್ತಿಕೊಳ್ಳದ ಪನ್ನೀರು, ತೆಂಗಿನೆಣ್ಣೆ, ಬರಿಯ ನೀರು ಕೂಡ ಇದರ ವ್ಯಾಪ್ತಿಗೆ ಒಳಪಡುತ್ತವೆ.

ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಕೈಚೀಲದಲ್ಲಿರುವ ಪ್ರತಿ ದ್ರವದ ಬಾಟಲಿಯು 100 ಮಿ.ಲೀ. ಅಥವಾ ಅದಕ್ಕಿಂತ ಕಡಿಮೆ ಗಾತ್ರದ್ದಾಗಿರಬೇಕು. ಎಲ್ಲ ಬಾಟಲಿಗಳೂ ಒಂದು ಲೀಟರ್ ಹಿಡಿಯುವ, ಪಾರದರ್ಶಕವಾದ, ಮತ್ತೆ ಮುಚ್ಚಬಹುದಾದ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಸಡಿಲವಾಗಿ ಹಿಡಿಸುವಂತಿರಬೇಕು. ಒಬ್ಬರಿಗೆ ಒಂದೇ ಚೀಲ. ಇಲ್ಲಿ ಗಣನೆಗೆ ಬರುವುದು ಬಾಟಲಿಯ ಗಾತ್ರವೇ ಹೊರತು ಅದರಲ್ಲಿ ಉಳಿದಿರುವ ದ್ರವದ ಪ್ರಮಾಣವಲ್ಲ. ಕಾಲು ಭಾಗ ಮಾತ್ರ ಉಳಿದಿರುವ 150 ಮಿ.ಲೀ. ಬಾಟಲಿಯನ್ನು ಬಿಡುವುದಿಲ್ಲ. ಅನೇಕ ಸುಗಂಧ ದ್ರವ್ಯಗಳು 125 ಮಿ.ಲೀ. ಬಾಟಲಿಗಳಲ್ಲಿ ಬರುತ್ತವೆ, ನೋಡಲು 100 ಮಿ.ಲೀ. ಬಾಟಲಿಯಂತೆಯೇ ಇರುವ ಇವುಗಳಿಂದ ಪ್ರಯಾಣಿಕರು ಮೋಸ ಹೋಗುವುದುಂಟು. ಪೆಟ್ಟಿಗೆಯ ತಳಭಾಗದಲ್ಲಿ ಮುದ್ರಿತವಾದ ಅಂಕಿಯನ್ನು ಓದಿಕೊಳ್ಳತಕ್ಕದ್ದು. ದೇಶದೊಳಗಿನ ಪ್ರಯಾಣದಲ್ಲಿಯೂ ಕೈಚೀಲಕ್ಕೆ ಇದೇ ಮಿತಿಯನ್ನು ಪಾಲಿಸಿ, ದೊಡ್ಡ ಬಾಟಲಿಯನ್ನು ಚೆಕ್-ಇನ್ ಲಗೇಜಿನಲ್ಲಿಡುವುದರಿಂದ ತೊಂದರೆಗೆ ಆಸ್ಪದವಿರುವುದಿಲ್ಲ.

ಹೊಸ ಮಾದರಿಯ ಸ್ಕ್ಯಾನರ್ ಅಳವಡಿಸಿಕೊಂಡ ಕೆಲವು ವಿಮಾನ ನಿಲ್ದಾಣಗಳು ಈ ಮಿತಿಯನ್ನು ಸಡಿಲಿಸಿವೆ. ಬ್ರಿಟನ್ನಿನ ಎಡಿನ್‌ಬರಾ ಮತ್ತು ಬರ್ಮಿಂಗ್‌ಹ್ಯಾಮ್ ನಿಲ್ದಾಣಗಳು 2025ರ ಜುಲೈನಲ್ಲಿ 2 ಲೀಟರ್‌ವರೆಗಿನ ಬಾಟಲಿಗಳಿಗೆ ಅವಕಾಶ ನೀಡಿದವು. ಆದರೆ ಈ ಸಡಿಲಿಕೆ ಆ ನಿಲ್ದಾಣದಿಂದ ಹೊರಡುವಾಗ ಮಾತ್ರ. ಅಲ್ಲಿಂದ ಹೊರಟು ಮತ್ತೊಂದು ನಿಲ್ದಾಣದಲ್ಲಿ ವಿಮಾನ ಬದಲಿಸುವವರಿಗೆ ಎರಡನೆಯ ನಿಲ್ದಾಣದ ನಿಯಮವೇ ಅನ್ವಯಿಸುತ್ತದೆ.

ಶ್ರೀಗಂಧದ ಎಣ್ಣೆ ಮತ್ತು ಅತ್ತರು

ಕರ್ನಾಟಕದಿಂದ ಹೊರಡುವ ಪ್ರಯಾಣಿಕರ ಪೆಟ್ಟಿಗೆಯಲ್ಲಿ ಮೈಸೂರಿನ ಶ್ರೀಗಂಧದ ಎಣ್ಣೆಗೆ ವಿಶೇಷ ಸ್ಥಾನವಿದೆ. ಶುದ್ಧ ಶ್ರೀಗಂಧದ ಎಣ್ಣೆಯು ಮದ್ಯಸಾರದಂತೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಅದರ ಆವಿ ಕಿಡಿಗೆ ಸ್ಪಂದಿಸಲು 100 ಡಿಗ್ರಿಗೂ ಹೆಚ್ಚಿನ ಉಷ್ಣಾಂಶ ಬೇಕು. ವಿಮಾನಯಾನ ನಿಯಮಗಳು ದಹನಶೀಲವೆಂದು ಎಣಿಸುವುದು 60 ಡಿಗ್ರಿಯವರೆಗಿನ ದ್ರವಗಳನ್ನು. ಹೀಗಾಗಿ ಬೆಂಕಿಯ ದೃಷ್ಟಿಯಿಂದ ಇದಕ್ಕೆ ಆಕ್ಷೇಪವಿಲ್ಲ. ಮದ್ಯಸಾರ ಬೆರೆಸದ ಸಾಂಪ್ರದಾಯಿಕ ಅತ್ತರುಗಳೂ ಸಾಮಾನ್ಯವಾಗಿ ಇದೇ ಬಗೆಯವು. ಆದರೆ ಎಣ್ಣೆಯೂ ದ್ರವವೇ ಆದುದರಿಂದ ಕೈಚೀಲದ 100 ಮಿ.ಲೀ. ಮಿತಿ ಇವಕ್ಕೂ ಇದೆ. 5 ಅಥವಾ 10 ಮಿ.ಲೀ.ನ ಸಣ್ಣ ಸೀಸೆಗಳಾದುದರಿಂದ ಅದು ಅಡ್ಡಿಯಾಗುವುದಿಲ್ಲ. ಬೆಲೆಬಾಳುವ ಇಂತಹ ಸೀಸೆಯನ್ನು ಚೆಕ್-ಇನ್ ಲಗೇಜಿಗೆ ಹಾಕುವುದಕ್ಕಿಂತ ಪಾರದರ್ಶಕ ಚೀಲದಲ್ಲಿರಿಸಿ ಕೈಯಲ್ಲಿ ಒಯ್ಯುವುದೇ ಕ್ಷೇಮ.

ಎಲ್ಲ ಸಸ್ಯಜನ್ಯ ತೈಲಗಳನ್ನೂ ಶ್ರೀಗಂಧದಂತೆಯೇ ಭಾವಿಸತಕ್ಕದ್ದಲ್ಲ. ನೀಲಗಿರಿ ತೈಲ, ಕಿತ್ತಳೆ ಮತ್ತು ನಿಂಬೆ ಸಿಪ್ಪೆಯ ತೈಲಗಳ ಆವಿ 50 ಡಿಗ್ರಿಯ ಆಸುಪಾಸಿನಲ್ಲಿಯೇ ಹೊತ್ತಿಕೊಳ್ಳುತ್ತದೆ. ಅವು ದಹನಶೀಲ ದ್ರವಗಳೇ. ಬಿಡಿಯಾಗಿ ಅಳೆದು ಕೊಡುವ ಅಂಗಡಿಗಳಿಂದ ತಂದ, ಚೀಟಿಯಿಲ್ಲದ ಸೀಸೆಯಲ್ಲಿ ಏನಿದೆಯೆಂದು ತಪಾಸಣಾ ಸಿಬ್ಬಂದಿಗೆ ತಿಳಿಯುವ ಮಾರ್ಗವಿಲ್ಲ. ಅನುಮಾನ ಬಂದಲ್ಲಿ ಅವರು ತಡೆಹಿಡಿಯುತ್ತಾರೆ, ಅದು ಸರಿಯೂ ಹೌದು. ತಯಾರಕರ ಹೆಸರು, ವಸ್ತು ಮತ್ತು ಪ್ರಮಾಣವನ್ನು ಮುದ್ರಿಸಿದ ಮೂಲ ಪೊಟ್ಟಣವನ್ನೂ ರಸೀದಿಯನ್ನೂ ಜೊತೆಯಲ್ಲಿಟ್ಟುಕೊಳ್ಳಬೇಕು.

ಶ್ರೀಗಂಧದ ಮರದ ತುಂಡು ಅಥವಾ ಚಕ್ಕೆಯ ವಿಷಯ ಸಂಪೂರ್ಣ ಬೇರೆ. ಅದಕ್ಕೆ ಅರಣ್ಯ ಕಾನೂನು ಮತ್ತು ರಫ್ತು ನಿರ್ಬಂಧಗಳು ಅನ್ವಯಿಸುತ್ತವೆ. ಎಣ್ಣೆಯಂತೆಯೇ ಇದೂ ನಡೆಯುತ್ತದೆಂದು ಭಾವಿಸಿ ಪೆಟ್ಟಿಗೆಯಲ್ಲಿ ಇಡತಕ್ಕದ್ದಲ್ಲ.

ಹಜ್ ಯಾತ್ರಿಕರು ಇಹ್ರಾಮ್ ಸ್ಥಿತಿಯಲ್ಲಿ ಸುಗಂಧ ಬಳಸುವುದಿಲ್ಲವಾದುದರಿಂದ, ವಿಮಾನ ಏರುವ ಮುನ್ನವೇ ಇಹ್ರಾಮ್ ಧರಿಸುವವರು ಅತ್ತರನ್ನೂ ಪರಿಮಳವುಳ್ಳ ಸಾಬೂನನ್ನೂ ಕೈಚೀಲದಲ್ಲಿಡದೆ ಚೆಕ್-ಇನ್ ಲಗೇಜಿನಲ್ಲಿಡುವುದು ಅನುಕೂಲ.

ಪೂಜಾ ಸಾಮಗ್ರಿಗಳ ಪೊಟ್ಟಣ

ವಿದೇಶದಲ್ಲಿರುವ ಮಕ್ಕಳ ಗೃಹಪ್ರವೇಶಕ್ಕೆಂದು ಹೊರಡುವ ತಂದೆತಾಯಿಯರು ಊದುಬತ್ತಿ, ಕರ್ಪೂರ, ಸಾಂಬ್ರಾಣಿ, ಗಂಧದ ಪುಡಿ, ಪನ್ನೀರು ಎಲ್ಲವನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿಕೊಳ್ಳುವುದು ವಾಡಿಕೆ. ಇವುಗಳಲ್ಲಿ ಕರ್ಪೂರವನ್ನು ಕಡ್ಡಾಯವಾಗಿ ಹೊರಗಿಡಬೇಕು. ಪೂಜೆಗೆ ಬಳಸುವ ಕರ್ಪೂರ ಬಹುಪಾಲು ಟರ್ಪೆಂಟೈನ್ ಮೂಲದ ಕೃತಕ ಕರ್ಪೂರ. ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಅದು 2717ನೇ ಸಂಖ್ಯೆಯ ದಹನಶೀಲ ಘನವಸ್ತು. ಪ್ರಯಾಣಿಕರಿಗೆ ನೀಡಿರುವ ರಿಯಾಯಿತಿಗಳಲ್ಲಿ ಇದು ಸೇರಿಲ್ಲ. ಒಂದು ಸಣ್ಣ ಡಬ್ಬಿಗೂ ಕೈಚೀಲದಲ್ಲಾಗಲೀ ಲಗೇಜಿನಲ್ಲಾಗಲೀ ಅವಕಾಶವಿರುವುದಿಲ್ಲ. ಬೆಂಕಿಪೊಟ್ಟಣ ಮತ್ತು ಲೈಟರ್‌ಗಳೂ ಭಾರತದ ನಿಲ್ದಾಣಗಳಲ್ಲಿ ನಿಷಿದ್ಧ. ಧೂಪಕ್ಕೆ ಬಳಸುವ ಇದ್ದಿಲಿನ ಬಿಲ್ಲೆಗಳು, ವಿಶೇಷವಾಗಿ ತಾನಾಗಿ ಬೇಗ ಹೊತ್ತಿಕೊಳ್ಳುವಂತೆ ತಯಾರಿಸಿದವು, ಇದೇ ಸಾಲಿಗೆ ಸೇರುತ್ತವೆ.

ಊದುಬತ್ತಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಲಗೇಜಿನಲ್ಲಿಡುವುದು ಒಳ್ಳೆಯದು. ಗಂಧದ ಪುಡಿ ಅಥವಾ ಸಾಂಬ್ರಾಣಿ ಪುಡಿಯನ್ನು ಕೈಚೀಲದಲ್ಲಿಟ್ಟು ಅಮೆರಿಕಕ್ಕೆ ಹೋಗುವವರು ಒಂದು ವಿಷಯ ತಿಳಿದಿರಬೇಕು: 2018ರಿಂದ ಆ ದೇಶವು 350 ಮಿ.ಲೀ. ಪ್ರಮಾಣಕ್ಕಿಂತ ಹೆಚ್ಚಿನ ಪುಡಿಯನ್ನು ವಿಶೇಷ ತಪಾಸಣೆಗೆ ಒಳಪಡಿಸುತ್ತಿದೆ. ಅಂದಾಜಿಗೆ ಇದು ತಂಪು ಪಾನೀಯದ ಒಂದು ಡಬ್ಬಿಯಷ್ಟು ಗಾತ್ರ. ಚಟ್ನಿಪುಡಿಯೂ ಈ ಲೆಕ್ಕದಲ್ಲಿ ಪುಡಿಯೇ.

ಬಾಟಲಿ ಸೋರದಂತೆ ಕಟ್ಟುವ ವಿಧಾನ

ನಿಯಮದ ಪ್ರಕಾರ ಇಟ್ಟ ಬಾಟಲಿಯೂ ಸೋರಿದರೆ ಬಟ್ಟೆಬರೆ ಹಾಳಾಗುತ್ತದೆ. ಸೋರುವುದಕ್ಕೆ ಕಾರಣವಿದೆ. ಹಾರಾಟದಲ್ಲಿ ಪ್ರಯಾಣಿಕರ ಕೋಣೆಯಲ್ಲಿಯೂ ಕೆಳಗಿನ ಸರಕು ಕೋಣೆಯಲ್ಲಿಯೂ ಗಾಳಿಯ ಒತ್ತಡವನ್ನು ಕಾಪಾಡಲಾಗುತ್ತದೆ. ಆದರೆ ಅದು ನೆಲಮಟ್ಟದ ಒತ್ತಡವಲ್ಲ. 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು ಒತ್ತಡ. 8,000 ಅಡಿಯಲ್ಲಿ ಅದು ಸಮುದ್ರಮಟ್ಟದ ಸುಮಾರು ಮುಕ್ಕಾಲು ಭಾಗ ಮಾತ್ರ. ಬಾಟಲಿಯೊಳಗೆ ಸಿಲುಕಿದ ಗಾಳಿ ಆಗ ಹಿಗ್ಗಲು ಯತ್ನಿಸಿ ದ್ರವವನ್ನು ಮುಚ್ಚಳದ ಕಡೆಗೆ ತಳ್ಳುತ್ತದೆ. ಬಾಟಲಿ ಅಡ್ಡಲಾಗಿ ಬಿದ್ದಿದ್ದು ಮುಚ್ಚಳ ಸಡಿಲವಾಗಿದ್ದರೆ ದ್ರವ ಹೊರಬರುತ್ತದೆ. ಅರ್ಧ ಖಾಲಿಯಾದ ಬಾಟಲಿಯಲ್ಲಿ ಗಾಳಿ ಹೆಚ್ಚಿರುವುದರಿಂದ ಅದು ಹೊಸ ಬಾಟಲಿಗಿಂತ ಹೆಚ್ಚು ಸೋರುತ್ತದೆ.

ಹಾಗೆಂದು ಸಣ್ಣ ಸೀಸೆಗೆ ವರ್ಗಾಯಿಸುವಾಗ ಕಂಠದವರೆಗೂ ತುಂಬುವುದು ಸರಿಯಲ್ಲ. ಬೇಸಿಗೆಯಲ್ಲಿ ಬಿಸಿಲಿನಲ್ಲಿ ನಿಂತ ಲಗೇಜು ಗಾಡಿಯ ಮೇಲೆ ಪೆಟ್ಟಿಗೆ ಕಾದಾಗ ಮದ್ಯಸಾರವೂ ಹಿಗ್ಗುತ್ತದೆ. 30 ಡಿಗ್ರಿ ಏರಿದರೆ 100 ಮಿ.ಲೀ. ದ್ರವವು ಸುಮಾರು 3 ಮಿ.ಲೀ.ನಷ್ಟು ಹೆಚ್ಚುತ್ತದೆ. ಸ್ವಲ್ಪ ಜಾಗ ಬಿಡಲೇಬೇಕು. ಸ್ಪ್ರೇ ಬಾಟಲಿಯ ಮುಚ್ಚಳವನ್ನು ಅಂಟುಪಟ್ಟಿಯಿಂದ ಭದ್ರಪಡಿಸಿ, ಗಾಜಿನ ಬಿರಡೆಯುಳ್ಳ ಅತ್ತರಿನ ಸೀಸೆಯಾದರೆ ಬಿರಡೆಯ ಸುತ್ತ ತೆಳು ಪ್ಲಾಸ್ಟಿಕ್ ಹಾಳೆ ಬಿಗಿದು, ಒಂದೊಂದನ್ನೂ ಪ್ರತ್ಯೇಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಬೇಕು. ಅನಂತರ ಮೂಲ ರಟ್ಟಿನ ಪೊಟ್ಟಣದಲ್ಲಿಟ್ಟು, ಪೆಟ್ಟಿಗೆಯ ಮಧ್ಯಭಾಗದಲ್ಲಿ, ನಾಲ್ಕೂ ಕಡೆ ಟವೆಲ್ ಅಥವಾ ದಪ್ಪ ಬಟ್ಟೆ ಬರುವಂತೆ ನಿಲ್ಲಿಸಿಡಬೇಕು. ತಿಂಡಿ ತಿನಿಸಿನ ಪೊಟ್ಟಣಗಳಿರುವ ಪೆಟ್ಟಿಗೆಯಲ್ಲಿ ಸುಗಂಧ ದ್ರವ್ಯ ಬೇಡ. ಬಾಟಲಿ ಸೋರದಿದ್ದರೂ ಅವಲಕ್ಕಿಗೆ ಅತ್ತರಿನ ವಾಸನೆ ಹತ್ತಿದರೆ ತಿನ್ನಲಾಗುವುದಿಲ್ಲ.

ಸುಂಕರಹಿತ ಮಳಿಗೆಯ ಖರೀದಿ

ಭದ್ರತಾ ತಪಾಸಣೆ ಮುಗಿದ ನಂತರ ಸಿಗುವ ಸುಂಕರಹಿತ ಮಳಿಗೆಯಲ್ಲಿ ಖರೀದಿಸಿದ ಸುಗಂಧ ದ್ರವ್ಯವು 100 ಮಿ.ಲೀ. ಮೀರಿದ್ದರೂ ವಿಮಾನದೊಳಗೆ ಒಯ್ಯಬಹುದು. ಅದನ್ನು ತೆರೆದರೆ ಗುರುತು ಉಳಿಯುವಂತಹ ಮೊಹರು ಹಾಕಿದ ಚೀಲದಲ್ಲಿ ರಸೀದಿ ಸಹಿತ ನೀಡಲಾಗುತ್ತದೆ. ಗಮ್ಯಸ್ಥಾನ ತಲುಪುವವರೆಗೆ ಆ ಚೀಲವನ್ನು ತೆರೆಯತಕ್ಕದ್ದಲ್ಲ.

ನಷ್ಟವಾಗುವುದು ಬಹುಮಟ್ಟಿಗೆ ಮರುಪ್ರಯಾಣದಲ್ಲಿ. ಗಲ್ಫ್ ರಾಷ್ಟ್ರದಿಂದ ಮುಂಬಯಿ ಅಥವಾ ದೆಹಲಿಗೆ ಬಂದಿಳಿದು ಅಲ್ಲಿಂದ ಮಂಗಳೂರು ಅಥವಾ ಹುಬ್ಬಳ್ಳಿಗೆ ದೇಶೀಯ ವಿಮಾನ ಹಿಡಿಯುವವರು ಮೊದಲ ನಿಲ್ದಾಣದಲ್ಲಿ ಲಗೇಜು ಪಡೆದು, ಕಸ್ಟಮ್ಸ್ ದಾಟಿ, ಮತ್ತೆ ಲಗೇಜು ಒಪ್ಪಿಸಿ, ಮತ್ತೊಮ್ಮೆ ಭದ್ರತಾ ತಪಾಸಣೆಗೆ ಒಳಗಾಗುತ್ತಾರೆ. ಲಗೇಜು ಮರಳಿ ಒಪ್ಪಿಸುವ ಮುನ್ನ, ಮಳಿಗೆಯಲ್ಲಿ ಕೊಂಡ ದೊಡ್ಡ ಬಾಟಲಿಗಳನ್ನು ಪೆಟ್ಟಿಗೆಯೊಳಗೆ ಸೇರಿಸಿಬಿಡುವುದೊಂದೇ ನಿಶ್ಚಿತವಾದ ಮಾರ್ಗ. ಅದಕ್ಕೆ ಪೆಟ್ಟಿಗೆಯಲ್ಲಿ ಸ್ವಲ್ಪ ಸ್ಥಳವನ್ನೂ ಒಂದೆರಡು ಪ್ಲಾಸ್ಟಿಕ್ ಚೀಲಗಳನ್ನೂ ಮೊದಲೇ ಉಳಿಸಿಕೊಂಡಿರಬೇಕು. ವಿದೇಶದಿಂದ ತಂದ ಸುಗಂಧ ದ್ರವ್ಯದ ಮೌಲ್ಯವು ಕಸ್ಟಮ್ಸ್‌ನ ಸಾಮಾನ್ಯ ಸುಂಕ ವಿನಾಯಿತಿಯ ಲೆಕ್ಕಕ್ಕೆ ಸೇರುವುದರಿಂದ ರಸೀದಿಯನ್ನು ಎಸೆಯಬಾರದು.

ಸೌದಿ ಅರೇಬಿಯಾ ಮತ್ತು ಗಲ್ಫ್‌ನಿಂದ ‘ಊದ್’ ತರುವವರು ಮತ್ತೊಂದು ಅಂಶವನ್ನು ಗಮನಿಸತಕ್ಕದ್ದು. ಊದ್ ಎಂದರೆ ಅಗರು ಮರದ ರಾಳಭರಿತ ಕಟ್ಟಿಗೆ ಮತ್ತು ಅದರ ತೈಲ. ಈ ಮರಗಳು ಅಳಿವಿನಂಚಿನ ಜೀವಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. ಸ್ವಂತ ಬಳಕೆಗೆಂದು ಒಬ್ಬರು 1 ಕಿಲೋಗ್ರಾಂ ಚಕ್ಕೆ, 24 ಮಿ.ಲೀ. ತೈಲ ಮತ್ತು ಎರಡು ಜಪಮಾಲೆಗಳವರೆಗೆ ಒಯ್ಯುವುದಕ್ಕೆ ಒಪ್ಪಂದದ ರಾಷ್ಟ್ರಗಳ ನಿರ್ಣಯವು ಅನುಮತಿ ಪತ್ರದಿಂದ ವಿನಾಯಿತಿ ಸೂಚಿಸಿದೆ. ಆಯಾ ದೇಶಗಳು ಇದಕ್ಕಿಂತ ಕಠಿಣ ನಿಯಮ ಮಾಡಿಕೊಳ್ಳಬಹುದು. ಆದ್ದರಿಂದ ಈ ಪ್ರಮಾಣವನ್ನು ಮೀರದಿರುವುದು ಮಾತ್ರವಲ್ಲ, ಕೇಳಿದಾಗ ಮರೆಮಾಚದೆ ತಿಳಿಸುವುದೂ ಅಗತ್ಯ.

ಅಂಚೆ ಮತ್ತು ಕೊರಿಯರ್

ಲಗೇಜಿನ ತೂಕ ಹೆಚ್ಚಾಯಿತೆಂದು ಸುಗಂಧ ದ್ರವ್ಯದ ಬಾಟಲಿಗಳನ್ನು ತೆಗೆದು ಅಂಚೆಯ ಮೂಲಕ ಕಳುಹಿಸಲು ಮುಂದಾಗುವವರಿದ್ದಾರೆ. ಮೇಲೆ ವಿವರಿಸಿದ 2 ಲೀಟರ್ ರಿಯಾಯಿತಿಯು ಪ್ರಯಾಣಿಕರ ಲಗೇಜಿಗೆ ಸೀಮಿತ. ಪಾರ್ಸೆಲ್ಲಿನಲ್ಲಿ ಅದೇ ಬಾಟಲಿಯು ಮತ್ತೆ 3ನೇ ವರ್ಗದ ದಹನಶೀಲ ದ್ರವವಾಗುತ್ತದೆ. ವಿಮಾನ ಅಂಚೆಯಲ್ಲಿ ಅದಕ್ಕೆ ಅವಕಾಶವಿಲ್ಲ. ಕೊರಿಯರ್ ಸಂಸ್ಥೆಗಳು ಒಪ್ಪುವುದಾದರೂ ಅಪಾಯಕಾರಿ ಸರಕೆಂದು ಘೋಷಿಸಿ, ನಿಗದಿತ ರೀತಿಯ ಪೊಟ್ಟಣದಲ್ಲಿ, ಪ್ರತ್ಯೇಕ ಶುಲ್ಕದೊಂದಿಗೆ ಕಳುಹಿಸಬೇಕಾಗುತ್ತದೆ. ಪಾರ್ಸೆಲ್ಲಿನ ಮೇಲೆ ‘ಉಡುಗೊರೆ’ ಅಥವಾ ‘ಬಟ್ಟೆ’ ಎಂದು ಬರೆದು ಕಳುಹಿಸುವುದು ಸುಳ್ಳು ಘೋಷಣೆಯಾಗುತ್ತದೆ.

ತಪಾಸಣೆಯಲ್ಲಿ ತಡೆದಾಗ ಮತ್ತು ಬಾಟಲಿ ಒಡೆದಾಗ

ಕೈಚೀಲದ ಬಾಟಲಿಯನ್ನು ಭದ್ರತಾ ಸಿಬ್ಬಂದಿ ತಡೆದಲ್ಲಿ ಅವರೊಂದಿಗೆ ವಾದಿಸುವುದರಿಂದ ಪ್ರಯೋಜನವಿಲ್ಲ. ಸಮಯವಿದ್ದರೆ ವಿಮಾನ ಸಂಸ್ಥೆಯ ಕೌಂಟರಿಗೆ ಮರಳಿ ಅದನ್ನು ಚೆಕ್-ಇನ್ ಲಗೇಜಾಗಿ ಒಪ್ಪಿಸಲು ಸಾಧ್ಯವೇ ಎಂದು ವಿಚಾರಿಸಬಹುದು. ಅಥವಾ ಬೀಳ್ಕೊಡಲು ಬಂದವರು ಇನ್ನೂ ಹೊರಗಿದ್ದಲ್ಲಿ ಸಿಬ್ಬಂದಿಯ ಅನುಮತಿಯೊಂದಿಗೆ ಅವರಿಗೆ ತಲುಪಿಸಬಹುದು. ಈ ಕಾರಣದಿಂದಲೇ, ಸುಗಂಧ ದ್ರವ್ಯ ಒಯ್ಯುತ್ತಿರುವವರ ಬಂಧುಗಳು ತಪಾಸಣೆ ಮುಗಿದ ಸುದ್ದಿ ಬರುವವರೆಗೆ ನಿಲ್ದಾಣದಲ್ಲಿ ಕಾಯುವುದು ಒಳಿತು. ಲಗೇಜಿನೊಳಗಿನ ವಸ್ತುವಿನ ಬಗ್ಗೆ ಅನುಮಾನ ಬಂದರೆ ಪ್ರಯಾಣಿಕರನ್ನು ಕರೆಸಿ ಪೆಟ್ಟಿಗೆ ತೆರೆಸಲಾಗುತ್ತದೆ. ಬೀಗದ ಕೈ ಅವರ ಬಳಿಯೇ ಇರಬೇಕು.

ಗಮ್ಯಸ್ಥಾನದಲ್ಲಿ ಪೆಟ್ಟಿಗೆಗೆ ಹಾನಿಯಾಗಿರುವುದು ಕಂಡುಬಂದಲ್ಲಿ ನಿಲ್ದಾಣ ಬಿಡುವ ಮುನ್ನ ವಿಮಾನ ಸಂಸ್ಥೆಯ ಲಗೇಜು ಕೌಂಟರಿನಲ್ಲಿ ದಾಖಲಿಸಿ, ಪ್ರತಿಯನ್ನು ಪಡೆಯತಕ್ಕದ್ದು. ಭಾರತವು 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದದನ್ವಯ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಹಾನಿಯ ಬಗ್ಗೆ ಲಗೇಜು ಪಡೆದ 7 ದಿನಗಳೊಳಗೆ ಲಿಖಿತ ದೂರು ನೀಡಬೇಕು. ವಸ್ತುವಿನ ಸಹಜ ದೋಷದಿಂದ ಉಂಟಾದ ಹಾನಿಗೆ ಸಂಸ್ಥೆಯು ಹೊಣೆಯಾಗುವುದಿಲ್ಲ. ಸರಿಯಾಗಿ ಕಟ್ಟದ ಗಾಜಿನ ಬಾಟಲಿಗೆ ಪರಿಹಾರ ದೊರೆಯುವುದು ಕಷ್ಟ. ಕಟ್ಟಿದ ಪೊಟ್ಟಣದ ಛಾಯಾಚಿತ್ರ ಮತ್ತು ಖರೀದಿಯ ರಸೀದಿ ಇದ್ದಲ್ಲಿ ದೂರಿಗೆ ಬಲ ಬರುತ್ತದೆ. ಸಂಸ್ಥೆಯಿಂದ ಉತ್ತರ ಬಾರದಿದ್ದಲ್ಲಿ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯದ ‘ಏರ್ ಸೇವಾ’ ವ್ಯವಸ್ಥೆಯಲ್ಲಿ ಕುಂದುಕೊರತೆ ದಾಖಲಿಸಬಹುದಾಗಿದೆ. ಟಿಕೆಟ್, ಬೋರ್ಡಿಂಗ್ ಪಾಸ್ ಮತ್ತು ಲಗೇಜು ಚೀಟಿಯ ಪ್ರತಿಗಳನ್ನು ಅಲ್ಲಿಯವರೆಗೆ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.